ಒಂಬತ್ತು ಜನಕ್ಕೆ ಈ ಅಧಿಕಾರ ಕೊಟ್ಟವರು ಯಾರು?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಮಗಳಿಗೆ ಈಗ ನಾಲ್ಕು ತಿಂಗಳು. ಟೆಕ್ಸಾಸ್‌ನಲ್ಲಿ ಗರ್ಭಪಾತಕ್ಕೆ ನಿಷೇಧ ಇದೆ, ಬಸುರಿಗೆ ತೊಂದರೆಯಾದರೂ ಡಾಕ್ಟರುಗಳು ಹೆದರುತ್ತಾರೆ ಎಂದು ಕೇಳಿ ಗಾಬರಿಯಾಗಿದೆ. 1973ರಲ್ಲಿ ಸುಪ್ರೀಂ ಕೋರ್ಟೇ ಕೊಟ್ಟ ಹಕ್ಕನ್ನು 2022ರಲ್ಲಿ ಅದೇ ಕೋರ್ಟು ವಾಪಸ್ ಕಿತ್ತುಕೊಂಡಿತು. ಯಾರೂ ಓಟು ಹಾಕಿ ಆರಿಸದ ಒಂಬತ್ತು ಜನಕ್ಕೆ ಇಷ್ಟು ಅಧಿಕಾರ ಎಲ್ಲಿಂದ ಬಂತು? ಅವರಿಗೆ ಮೂಗುದಾರ ಹಾಕುವವರು ಯಾರೂ ಇಲ್ವಾ? ನಮ್ಮ ದೇಶದಲ್ಲೂ ಹೀಗಾಗಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಮಗಳ ವಿಷಯ ನೋಡೋಣ. ಟೆಕ್ಸಾಸ್ ಕಾನೂನಿನಲ್ಲಿ ಶಿಕ್ಷೆ ಇರುವುದು ಗರ್ಭಪಾತ ಮಾಡುವವರಿಗೆ, ಬಸುರಿಗೆ ಅಲ್ಲ. ಗರ್ಭಕೋಶದ ಹೊರಗೆ ಕಟ್ಟಿದ ಗರ್ಭವನ್ನು ತೆಗೆಯುವುದು, ಹೊಟ್ಟೆಯಲ್ಲೇ ತೀರಿಹೋದ ಕೂಸನ್ನು ತೆಗೆಯುವುದು ಆ ಕಾನೂನಿನ ಲೆಕ್ಕದಲ್ಲಿ ಗರ್ಭಪಾತವೇ ಅಲ್ಲ. ತಾಯಿಯ ಜೀವಕ್ಕೆ ಅಪಾಯವಿದ್ದರೆ ವಿನಾಯಿತಿಯೂ ಇದೆ. ಆದರೆ ಎಷ್ಟು ಅಪಾಯವಾದರೆ ಅಪಾಯ ಎಂಬುದರಲ್ಲೇ ಗೊಂದಲ. ಡಾಕ್ಟರ ಲೆಕ್ಕ ತಪ್ಪಿದರೆ ಜೀವಾವಧಿವರೆಗೂ ಜೈಲಾಗಬಹುದು. ಕನಿಷ್ಠ 1 ಲಕ್ಷ ಡಾಲರ್ ದಂಡ ಬೇರೆ. ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 2025ರಲ್ಲಿ ಅಲ್ಲಿನ ಶಾಸನಸಭೆ ಈ ವಿನಾಯಿತಿಯನ್ನು ಸ್ವಲ್ಪ ಬಿಡಿಸಿ ಬರೆಯಿತು. ಪ್ರಾಣ ಹೋಗುವ ಗಳಿಗೆಯವರೆಗೆ ಕಾಯಬೇಕಿಲ್ಲ ಎಂಬುದು ಈಗ ಕಾನೂನಿನಲ್ಲೇ ಇದೆ. ಮಗಳು ತನ್ನ ಡಾಕ್ಟರನ್ನು ಈಗಲೇ, ಎಲ್ಲ ಚೆನ್ನಾಗಿರುವಾಗಲೇ ನೇರವಾಗಿ ಕೇಳಿಟ್ಟುಕೊಳ್ಳಲಿ: ಅವಧಿಗೆ ಮುಂಚೆ ನೀರು ಒಡೆದರೆ ನಿಮ್ಮ ಆಸ್ಪತ್ರೆಯಲ್ಲಿ ಏನು ಮಾಡುತ್ತೀರಿ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಚಿಂತೆ ಕಡಿಮೆ.

ಇನ್ನು ದೊಡ್ಡ ಪ್ರಶ್ನೆ. ನಾನು ಕಾನೂನು ಕಾಲೇಜಿನಲ್ಲಿ ಸಂವಿಧಾನ ಪಾಠ ಮಾಡಿದವನು. ಗರ್ಭಪಾತದ ತೀರ್ಪುಗಳು ಬಂದಾಗಲೆಲ್ಲ ಒಂದು ವಿಚಿತ್ರ ನೋಡಿದ್ದೇನೆ. ತೀರ್ಪು ಹಿಡಿಸದಿದ್ದರೆ ‘ಕೋರ್ಟು ಮಿತಿ ಮೀರಿತು’ ಅನ್ನುತ್ತಾರೆ. ಹಿಡಿಸಿದರೆ ‘ಸಂವಿಧಾನ ಕಾಪಾಡಿತು’ ಅನ್ನುತ್ತಾರೆ. 1973ರಲ್ಲಿ ಮೊದಲ ಮಾತು ಆಡಿದವರೇ 2022ರಲ್ಲಿ ಎರಡನೆಯದನ್ನು ಆಡಿದರು. ಆ ಕಡೆಯವರು ಇದರ ಉಲ್ಟಾ. ಈ ಜಗಳದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಆ ವಿಷಯ ಮುಟ್ಟಲು ಕೋರ್ಟಿಗೆ ಅಧಿಕಾರ ಇತ್ತಾ? ಮುಟ್ಟಿದ ಮೇಲೆ ಎಷ್ಟು ಹೇಳಬೇಕೋ ಅಷ್ಟೇ ಹೇಳಿತಾ? ಮೊದಲನೆಯದಕ್ಕೆ ನನ್ನ ಉತ್ತರ ಎರಡೂ ಸಲ ‘ಇತ್ತು’. ಎರಡನೆಯದಕ್ಕೆ ಎರಡೂ ಸಲ ‘ಇಲ್ಲ’.

ಅಮೆರಿಕದ ಸಂವಿಧಾನದಲ್ಲಿ ನ್ಯಾಯಾಂಗಕ್ಕೆ ಮೀಸಲಾದ ಭಾಗ ಬಹಳ ಚಿಕ್ಕದು. ಶಾಸನಸಭೆ ಮಾಡಿದ ಕಾನೂನನ್ನು ಕೋರ್ಟು ರದ್ದು ಮಾಡಬಹುದು ಎಂದು ಅದರಲ್ಲಿ ಎಲ್ಲೂ ಬಿಡಿಸಿ ಬರೆದಿಲ್ಲ. 1803ರಲ್ಲಿ ಮಾರ್ಬರಿ ಕೇಸಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅದನ್ನು ತರ್ಕದಿಂದ ಹೊರಡಿಸಿದರು. ಸಂವಿಧಾನವೂ ಕಾನೂನೇ, ಎಲ್ಲಕ್ಕಿಂತ ಮೇಲಿನ ಕಾನೂನು. ಎರಡು ಕಾನೂನು ಡಿಕ್ಕಿ ಹೊಡೆದಾಗ ಯಾವುದು ಗೆಲ್ಲಬೇಕು ಎಂದು ಹೇಳುವುದು ಕೋರ್ಟಿನ ಕೆಲಸವೇ ಅಲ್ವಾ? ಅವರ ವಾದ ಇಷ್ಟೇ. ಎರಡು ಶತಮಾನ ದಾಟಿದರೂ ಅದು ನಿಂತಿದೆ.

ಅಧಿಕಾರ ಬಂತು, ಜೊತೆಗೆ ಒಂದು ಕಟ್ಟೂ ಬಂತು. ಕೋರ್ಟು ತೀರ್ಮಾನಿಸುವುದು ನಿಜವಾದ ವ್ಯಾಜ್ಯಗಳನ್ನು ಮಾತ್ರ. ನಷ್ಟವಾದ ಒಬ್ಬರು ಬೇಕು, ಎದುರು ಪಕ್ಷ ಬೇಕು, ಕೋರ್ಟಿನ ಆಜ್ಞೆಯಿಂದ ಆ ನಷ್ಟ ಸರಿಹೋಗುವಂತಿರಬೇಕು. 1793ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವರ ಸರ್ಕಾರ ಕೆಲವು ಕಾನೂನು ಪ್ರಶ್ನೆಗಳಿಗೆ ಸಲಹೆ ಕೇಳಿತು. ಕೇಸಿಲ್ಲದೆ ಸಲಹೆ ಕೊಡುವುದು ನಮ್ಮ ಕೆಲಸವಲ್ಲ ಎಂದು ಜಡ್ಜುಗಳು ಹಿಂದಕ್ಕೆ ಕಳಿಸಿದರು. ನಮ್ಮಲ್ಲಿ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಬಹುದು, ಅಲ್ಲಿ ಅದಕ್ಕೆ ದಾರಿಯೇ ಇಲ್ಲ. ಕೋರ್ಟಿನ ಕೈಯಲ್ಲಿ ಕತ್ತಿಯೂ ಇಲ್ಲ, ಖಜಾನೆಯೂ ಇಲ್ಲ ಎಂದು ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಬರೆದಿದ್ದರು. ಗರ್ಭಪಾತದ ಕಥೆಯಲ್ಲಿ ಈ ಮಾತು ಮತ್ತೆ ಮತ್ತೆ ನಿಜವಾಗುತ್ತದೆ.

1973ರ ಕೇಸು ನಿಮ್ಮ ಮಗಳಿರುವ ಊರಿನದೇ. ‘ರೋ ವರ್ಸಸ್ ವೇಡ್’ನಲ್ಲಿ ವೇಡ್ ಎಂದರೆ ಹೆನ್ರಿ ವೇಡ್, ಡಲ್ಲಾಸ್ ಜಿಲ್ಲೆಯ ಸರ್ಕಾರಿ ಪ್ರಾಸಿಕ್ಯೂಟರ್. ತಾಯಿಯ ಪ್ರಾಣ ಉಳಿಸುವುದಕ್ಕಲ್ಲದೆ ಬೇರೆ ಯಾವ ಕಾರಣಕ್ಕೂ ಗರ್ಭಪಾತ ಕೂಡದು ಎಂಬುದು ಆಗಿನ ಟೆಕ್ಸಾಸ್ ಕಾನೂನು. ಅದನ್ನು ಮುರಿದವರ ಮೇಲೆ ಕೇಸು ಹಾಕುವ ಅಧಿಕಾರಿ ವೇಡ್. ಹಾಗಾಗಿ 1970ರಲ್ಲಿ ದಾವೆ ಅವರ ಮೇಲೆ ಬಿತ್ತು. ಈ ಅಂಶ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತೀರ್ಪು ಬರುವ ಹೊತ್ತಿಗೆ, ರೋ ಎಂಬ ಹೆಸರಿನಲ್ಲಿ ದಾವೆ ಹೂಡಿದ ಹೆಂಗಸಿಗೆ ಹೆರಿಗೆಯಾಗಿ ಬಹಳ ದಿನವಾಗಿತ್ತು. ವ್ಯಾಜ್ಯವೇ ಮುಗಿಯಿತಲ್ಲ ಎಂಬ ಆಕ್ಷೇಪ ಬಂತು. ಬಸಿರು ಒಂಬತ್ತು ತಿಂಗಳು, ಅಪೀಲು ಅದಕ್ಕಿಂತ ಜಾಸ್ತಿ ದಿನ. ಹೀಗೆ ನೋಡಿದರೆ ಯಾವ ಬಸುರಿಯ ಕೇಸೂ ಮೇಲಿನ ಕೋರ್ಟು ಮುಟ್ಟುವುದಿಲ್ಲ, ಅದೇ ತೊಂದರೆ ಮತ್ತೆ ಬರುತ್ತಲೇ ಇರುತ್ತದೆ ಎಂದು ಕೋರ್ಟು ಕೇಸನ್ನು ಇಟ್ಟುಕೊಂಡಿತು. ಸರಿಯಾದ ಮಾತು. ಅಲ್ಲಿಗೆ ಅಧಿಕಾರದ ಪ್ರಶ್ನೆ ಮುಗಿಯಿತು.

ಉತ್ತರದ ಆಧಾರ ಏನು? ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರಿಯಾದ ಕಾನೂನು ಕ್ರಮವಿಲ್ಲದೆ ರಾಜ್ಯ ಕಸಿಯಬಾರದು ಎನ್ನುತ್ತದೆ 1868ರ 14ನೇ ತಿದ್ದುಪಡಿ. ಆ ‘ಸ್ವಾತಂತ್ರ್ಯ’ದೊಳಗೆ ಗರ್ಭಪಾತದ ನಿರ್ಧಾರವೂ ಸೇರುತ್ತದೆ ಎಂದಿತು ಕೋರ್ಟು. ಸಂವಿಧಾನದಲ್ಲಿ ಗರ್ಭಪಾತ ಎಂಬ ಪದವೇ ಇಲ್ಲವಲ್ಲ ಎಂದು ವಿರೋಧಿಗಳು ಈಗಲೂ ಕೇಳುತ್ತಾರೆ. ನಿಜ, ಇಲ್ಲ. ಮದುವೆ ಎಂಬ ಪದವೂ ಇಲ್ಲ. 1919ರಲ್ಲಿ ನೆಬ್ರಾಸ್ಕ ರಾಜ್ಯ ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಬಾರದು ಎಂದು ಕಾನೂನು ಮಾಡಿತು. ಜರ್ಮನ್ ಓದಿಸಿದ ಮೇಷ್ಟ್ರಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿದ್ದು ಇದೇ ‘ಸ್ವಾತಂತ್ರ್ಯ’ದ ಆಧಾರದ ಮೇಲೆ. ಇಂದು ಡಲ್ಲಾಸ್‌ನಲ್ಲಿ ಯಾರಾದರೂ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಕಲಿಸಿದರೆ ಅವರಿಗೂ ಆ ತೀರ್ಪಿನ ನೆರಳಿದೆ. ಬರೆದಿಲ್ಲದ ಹಕ್ಕು ಹಕ್ಕೇ ಅಲ್ಲ ಎನ್ನುವವರು ಇದಕ್ಕೂ ಉತ್ತರ ಹೇಳಬೇಕಾಗುತ್ತದೆ. 9ನೇ ತಿದ್ದುಪಡಿಗೂ ಹೇಳಬೇಕು. ಕೆಲವು ಹಕ್ಕುಗಳನ್ನು ಬರೆದಿದ್ದೇವೆ ಎಂದ ಮಾತ್ರಕ್ಕೆ ಜನರ ಬಳಿ ಬೇರೆ ಹಕ್ಕುಗಳಿಲ್ಲ ಎಂದು ತಿಳಿಯಬೇಡಿ ಎಂದು ಅದು ನೇರವಾಗಿ ಹೇಳುತ್ತದೆ.

ಹಾಗಾದರೆ 1973ರಲ್ಲಿ ಎಡವಿದ್ದು ಎಲ್ಲಿ? ಟೆಕ್ಸಾಸ್ ಕಾನೂನು ಅತಿ ಕಠಿಣ, ಅದು ಊರ್ಜಿತವಲ್ಲ ಎಂದು ಹೇಳಿ ನಿಲ್ಲಬಹುದಿತ್ತು. ತೀರ್ಪು ಬರೆದ ಹ್ಯಾರಿ ಬ್ಲ್ಯಾಕ್‌ಮನ್ ಹಿಂದೆ ಮೇಯೊ ಕ್ಲಿನಿಕ್ ಎಂಬ ದೊಡ್ಡ ಆಸ್ಪತ್ರೆಯ ವಕೀಲರಾಗಿದ್ದವರು. 1972ರ ಬೇಸಿಗೆಯಲ್ಲಿ ಅಲ್ಲಿನ ಲೈಬ್ರರಿಯಲ್ಲಿ ಕೂತು ವೈದ್ಯಕೀಯ ಇತಿಹಾಸ ಓದಿದರು. ಕೊನೆಗೆ ಬಂದದ್ದು ಒಂದು ವೇಳಾಪಟ್ಟಿ. ಮೊದಲ ಮೂರು ತಿಂಗಳು ಡಾಕ್ಟರು ಮತ್ತು ಬಸುರಿಯದೇ ತೀರ್ಮಾನ. ಆಮೇಲೆ ತಾಯಿಯ ಆರೋಗ್ಯಕ್ಕಾಗಿ ರಾಜ್ಯ ನಿಯಮ ಮಾಡಬಹುದು. ಭ್ರೂಣ ಹೊರಗೆ ಬದುಕಬಲ್ಲ ಹಂತದ ನಂತರ ನಿಷೇಧಿಸಬಹುದು, ಆದರೂ ತಾಯಿಯ ಜೀವ ಮತ್ತು ಆರೋಗ್ಯಕ್ಕೆ ವಿನಾಯಿತಿ ಕೊಡಬೇಕು. ಪಟ್ಟಿಯಾಗಿ ಇದು ಕೆಟ್ಟದ್ದೇನೂ ಅಲ್ಲ. ಆದರೆ ಇಂಥ ಪಟ್ಟಿ ಮಾಡುವುದು ಶಾಸನಸಭೆಯ ಕೆಲಸ. 7–2ರ ಆ ತೀರ್ಪಿನಲ್ಲಿ ಭಿನ್ನಮತ ಬರೆದ ಬೈರನ್ ವೈಟ್ ಇದನ್ನು ಹಸಿ ನ್ಯಾಯಾಂಗ ಬಲದ ಪ್ರಯೋಗ ಎಂದು ಕರೆದರು. ಜಾನ್ ಹಾರ್ಟ್ ಈಲಿ ಎಂಬ ಕಾನೂನು ಪ್ರಾಧ್ಯಾಪಕರು ಗರ್ಭಪಾತಕ್ಕೆ ಅವಕಾಶ ಬೇಕು ಎನ್ನುವವರೇ. ಅವರೂ ಈ ತೀರ್ಪಿನಲ್ಲಿ ಸಂವಿಧಾನ ಎಲ್ಲಿದೆ ಎಂದು ಅದೇ ವರ್ಷ ಕೇಳಿದರು. ಮಹಿಳೆಯರ ಹಕ್ಕಿಗಾಗಿ ಜೀವಮಾನವಿಡೀ ವಾದಿಸಿದ ರೂತ್ ಬೇಡರ್ ಗಿನ್ಸ್‌ಬರ್ಗ್ 1993ರ ಉಪನ್ಯಾಸವೊಂದರಲ್ಲಿ, ಟೆಕ್ಸಾಸ್ ಕಾನೂನನ್ನಷ್ಟೇ ಹೊಡೆದುಹಾಕಿ ಅಲ್ಲಿಗೆ ನಿಂತಿದ್ದರೆ ಇಷ್ಟು ರಂಪವಾಗುತ್ತಿತ್ತಾ ಎಂಬರ್ಥದ ಮಾತಾಡಿದರು. ಅದೇ ವರ್ಷ ಅವರು ಸುಪ್ರೀಂ ಕೋರ್ಟಿನ ಜಡ್ಜ್ ಆದರು.

1992ರ ‘ಪ್ಲಾನ್ಡ್ ಪೇರೆಂಟ್‌ಹುಡ್ ವರ್ಸಸ್ ಕೇಸಿ’ ತೀರ್ಪಿನಲ್ಲಿ ಕೋರ್ಟು ತಾನೇ ಆ ವೇಳಾಪಟ್ಟಿಯನ್ನು ಕೈಬಿಟ್ಟಿತು. ಹಕ್ಕಿನ ತಿರುಳನ್ನು ಮಾತ್ರ ಉಳಿಸಿಕೊಂಡು, ಮಹಿಳೆಯ ದಾರಿಗೆ ರಾಜ್ಯ ವಿಪರೀತ ಅಡ್ಡಿ ಹಾಕಬಾರದು ಎಂದಿತು. ಓ’ಕಾನರ್, ಕೆನಡಿ, ಸೌಟರ್ ಸೇರಿ ಉಳಿಸಿದ ಐವರೂ ರಿಪಬ್ಲಿಕನ್ ಅಧ್ಯಕ್ಷರೇ ನೇಮಿಸಿದವರು.

ಮುಂದಿನದು 2022ರ ಡಾಬ್ಸ್ ಕೇಸು. ಮಿಸಿಸಿಪ್ಪಿ ರಾಜ್ಯ 2018ರಲ್ಲಿ 15 ವಾರದ ನಂತರ ಗರ್ಭಪಾತ ಕೂಡದು ಎಂಬ ಕಾನೂನು ಮಾಡಿತ್ತು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ‘ನಮಗೆ ರೋ ತೀರ್ಪನ್ನು ರದ್ದು ಮಾಡುವ ಅಗತ್ಯವಿಲ್ಲ’ ಎಂಬ ಧಾಟಿಯಲ್ಲೇ ಬರೆದಿತ್ತು. ಸೆಪ್ಟೆಂಬರ್‌ನಲ್ಲಿ ಗಿನ್ಸ್‌ಬರ್ಗ್ ತೀರಿಕೊಂಡರು. ಅಕ್ಟೋಬರ್ ಮುಗಿಯುವುದರೊಳಗೆ ಏಮಿ ಕೋನಿ ಬ್ಯಾರೆಟ್ ಆ ಕುರ್ಚಿಗೆ ಬಂದರು. 2021ರ ಬೇಸಿಗೆಯಲ್ಲಿ ವಾದಪತ್ರ ಸಲ್ಲಿಸುವಾಗ ಮಿಸಿಸಿಪ್ಪಿ ಧಾಟಿ ಬದಲಿಸಿ, ರೋ ಮತ್ತು ಕೇಸಿ ಎರಡನ್ನೂ ರದ್ದು ಮಾಡಿ ಎಂದು ಕೇಳಿತು. ಸಂವಿಧಾನದ ಒಂದು ಅಕ್ಷರವೂ ಈ ನಡುವೆ ಬದಲಾಗಿರಲಿಲ್ಲ.

2022ರ ಜೂನ್ 24ರಂದು ತೀರ್ಪು ಬಂತು. ಮಿಸಿಸಿಪ್ಪಿ ಕಾನೂನನ್ನು ಆರು ಜನ ಎತ್ತಿಹಿಡಿದರು. ರೋ ರದ್ದು ಎಂದದ್ದು ಐದೇ ಜನ. ಸ್ಯಾಮ್ಯುಯೆಲ್ ಅಲಿಟೊ ಬರೆದ ತೀರ್ಪಿನ ತಿರುಳು ಹೀಗೆ: ಬರೆದಿಲ್ಲದ ಹಕ್ಕನ್ನು ಒಪ್ಪಬೇಕಾದರೆ ಅದು ದೇಶದ ಇತಿಹಾಸ, ಸಂಪ್ರದಾಯದಲ್ಲಿ ಬೇರುಬಿಟ್ಟಿರಬೇಕು. 14ನೇ ತಿದ್ದುಪಡಿ ಬಂದ 1868ರಲ್ಲಿ 37 ರಾಜ್ಯಗಳ ಪೈಕಿ 28ರಲ್ಲಿ ಗರ್ಭಪಾತ ಯಾವ ಹಂತದಲ್ಲೇ ಆದರೂ ಅಪರಾಧವಾಗಿತ್ತು. ಹಾಗಾಗಿ ಈ ಹಕ್ಕಿಗೆ ಬೇರಿಲ್ಲ. ತೀರ್ಮಾನ ಜನರಿಗೂ ಅವರ ಪ್ರತಿನಿಧಿಗಳಿಗೂ ವಾಪಸ್. ಬ್ರೇಯರ್, ಸೊಟೊಮೇಯರ್, ಕೇಗನ್ ಮೂವರೂ ಸೇರಿ ಬರೆದ ಭಿನ್ನಮತ ಇದಕ್ಕೆ ಸರಿಯಾದ ಏಟನ್ನೇ ಕೊಟ್ಟಿತು. 1868ರಲ್ಲಿ ಆ ತಿದ್ದುಪಡಿಗೆ ಒಪ್ಪಿಗೆ ಕೊಟ್ಟವರೆಲ್ಲ ಗಂಡಸರು. ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ಸಂವಿಧಾನದಲ್ಲಿ ಸೇರಿದ್ದು 1920ರಲ್ಲಿ. ಮತವೇ ಇಲ್ಲದವರ ಹಕ್ಕನ್ನು ಆ ಕಾಲದ ಕಾನೂನು ಪುಸ್ತಕದಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ನನಗೆ ಆ ದಿನ ಎಲ್ಲರಿಗಿಂತ ಸರಿ ಅನಿಸಿದ್ದು ಯಾರ ಕಡೆಗೂ ಸೇರದೆ ಒಂಟಿಯಾಗಿ ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಮುಂದೆ ಇರುವುದು 15 ವಾರದ ಕಾನೂನು. ಅದು ಸರಿಯೋ ತಪ್ಪೋ ಹೇಳಿದರೆ ಸಾಕು. ಅರ್ಧ ಶತಮಾನದ ತೀರ್ಪನ್ನು ಬುಡಸಮೇತ ಕೀಳಲು ಈ ಕೇಸಿನಲ್ಲಿ ಅಗತ್ಯವಿಲ್ಲ. ಅಗತ್ಯವಿಲ್ಲದ್ದನ್ನು ತೀರ್ಮಾನಿಸದಿರುವುದೇ ಅಗತ್ಯ ಎಂಬುದು ಅವರ ವಾದ. ಎರಡೂ ಕಡೆಯವರು ಅವರನ್ನು ಬೈದರು. ಒಂದು ಮಾತು ಒಪ್ಪುತ್ತೇನೆ. ಮಧ್ಯೆ ಎಲ್ಲಿ ಗೆರೆ ಎಳೆಯಬೇಕು ಎಂಬುದಕ್ಕೆ ಅವರ ಬಳಿಯೂ ಉತ್ತರ ಇರಲಿಲ್ಲ. ಆದರೂ ಕೋರ್ಟಿನ ಮಿತಿ ಎಂದರೇನು ಎಂದು ಕೇಳಿದರೆ ನಾನು ತೋರಿಸುವುದು ಈ ಬರಹವನ್ನೇ. ರೋ ತೀರ್ಪು ಮುಂದಿದ್ದ ವ್ಯಾಜ್ಯಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಕೊಟ್ಟಿತು. ಡಾಬ್ಸ್ ತೀರ್ಪು ಬೇಕಾದದ್ದಕ್ಕಿಂತ ಜಾಸ್ತಿ ಕಿತ್ತುಕೊಂಡಿತು.

ಇದರ ಅರ್ಥ ಕೋರ್ಟು ಯಾವಾಗಲೂ ಅಂಜಿ ನಡೆಯಬೇಕು ಎಂದಲ್ಲ. 1967ರಲ್ಲಿ ಬೇರೆ ಬೇರೆ ಬಣ್ಣದವರ ಮದುವೆಗೆ ಇದ್ದ ನಿಷೇಧವನ್ನು ಅದೇ ಕೋರ್ಟು ಒಮ್ಮತದಿಂದ ಕಿತ್ತುಹಾಕಿದಾಗ ಜನಮತ ಕೋರ್ಟಿನ ಪರ ಇರಲಿಲ್ಲ. ಆದರೂ ತೀರ್ಪು ಎರಡು ಸಾಲಿನಲ್ಲಿ ಹೇಳಬಹುದಾದಷ್ಟು ಸರಳವಾಗಿತ್ತು. ಯಾವ ವೇಳಾಪಟ್ಟಿಯೂ ಬೇಕಾಗಲಿಲ್ಲ.

ಈಗ ಮೂಗುದಾರಕ್ಕೆ ಬರೋಣ. ಸಂವಿಧಾನ ಕೆಲವು ಹಗ್ಗಗಳನ್ನು ಇಟ್ಟಿದೆ. ಜಡ್ಜುಗಳನ್ನು ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಎಂಬ ಮೇಲ್ಮನೆ ಒಪ್ಪಬೇಕು. ಜಡ್ಜನ್ನು ಕೆಳಗಿಳಿಸುವ ಮಹಾಭಿಯೋಗ ಇದೆ, ಆದರೆ ತೀರ್ಪು ಹಿಡಿಸಲಿಲ್ಲ ಎಂದು ಅದನ್ನು ಬಳಸುವ ದಾರಿ 1805ರಲ್ಲೇ ಮುಚ್ಚಿತು. ಆ ವರ್ಷ ಸೆನೆಟ್ ಸ್ಯಾಮ್ಯುಯೆಲ್ ಚೇಸ್ ಎಂಬ ಜಡ್ಜನ್ನು ಖುಲಾಸೆ ಮಾಡಿತು. ಜಡ್ಜುಗಳ ಸಂಖ್ಯೆ ಒಂಬತ್ತೇ ಇರಬೇಕು ಎಂದು ಸಂವಿಧಾನದಲ್ಲಿಲ್ಲ. 1869ರಿಂದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಹಾಗೆ ಇಟ್ಟಿದೆ ಅಷ್ಟೆ. 1937ರಲ್ಲಿ ರೂಸ್‌ವೆಲ್ಟ್ ಆ ಸಂಖ್ಯೆ ಹೆಚ್ಚಿಸಲು ಹೋಗಿ ಸ್ವಂತ ಪಕ್ಷದಿಂದಲೇ ಸೋತರು. ಅಪೀಲು ಕೇಳುವ ಅಧಿಕಾರವನ್ನೂ ಕಾಂಗ್ರೆಸ್ ಮೊಟಕು ಮಾಡಬಹುದು. 1868ರಲ್ಲಿ ಒಮ್ಮೆ ಹಾಗೆ ಮಾಡಿತು, ಕೋರ್ಟೂ ಮರುವರ್ಷ ತಲೆಬಾಗಿತು.

ಎಲ್ಲಕ್ಕಿಂತ ಗಟ್ಟಿ ಹಗ್ಗ ತಿದ್ದುಪಡಿ. ಕರಿಯರು ಪ್ರಜೆಗಳೇ ಆಗಲಾರರು ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಿದ್ದು 13 ಮತ್ತು 14ನೇ ತಿದ್ದುಪಡಿಗಳು. ಅದಕ್ಕೂ ಮೊದಲು ಅಂತರ್ಯುದ್ಧ ನಡೆಯಬೇಕಾಯಿತು ಎಂಬುದು ಬೇರೆ ಮಾತು. ರೋ ತೀರ್ಪಿನ ಮೇಲೂ ಈ ಹಗ್ಗ ಎಸೆಯಲಾಯಿತು. ಗರ್ಭಪಾತದ ಹಕ್ಕು ಈ ಸಂವಿಧಾನದಲ್ಲಿಲ್ಲ ಎಂಬ ತಿದ್ದುಪಡಿ 1983ರ ಜೂನ್‌ನಲ್ಲಿ ಸೆನೆಟ್ ಮುಂದೆ ಬಂತು. 67 ಮತ ಬೇಕಿತ್ತು, ಬಿದ್ದದ್ದು 49. ಆ ದಾರಿ ಮುಚ್ಚಿದ ಮೇಲೆ ವಿರೋಧಿಗಳು ಜಡ್ಜುಗಳ ನೇಮಕದ ದಾರಿ ಹಿಡಿದರು. ನಲವತ್ತು ವರ್ಷ ಬಿಡದೆ ಹಿಡಿದರು. ಡಾಬ್ಸ್ ಹುಟ್ಟಿದ್ದು ಆ ದಾರಿಯಲ್ಲಿ.

ಖಜಾನೆಯ ಮಾತು ಹೇಳಿದೆನಲ್ಲ. ರೋ ಜಾರಿಯಲ್ಲಿದ್ದಾಗಲೇ, 1976ರಲ್ಲಿ, ಬಡವರ ಆರೋಗ್ಯ ಯೋಜನೆಯ ಕೇಂದ್ರದ ದುಡ್ಡನ್ನು ಗರ್ಭಪಾತಕ್ಕೆ ಬಳಸಬಾರದು ಎಂದು ಕಾಂಗ್ರೆಸ್ ಷರತ್ತು ಹಾಕಿತು. ಹಕ್ಕಿದೆ ಎಂದ ಮಾತ್ರಕ್ಕೆ ಸರ್ಕಾರ ಖರ್ಚು ಕೊಡಬೇಕೆಂದಿಲ್ಲ ಎಂದು 1980ರಲ್ಲಿ ಕೋರ್ಟೇ ಒಪ್ಪಿತು. ಕೈಯಲ್ಲಿ ಕಾಸಿಲ್ಲದ ಹೆಂಗಸಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯಿತು.

ಕತ್ತಿಯ ಪಾಠ ಕಲಿಸಿದ್ದು ಟೆಕ್ಸಾಸ್. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋರ್ಟು ಒಂದು ಕಾನೂನನ್ನು ‘ರದ್ದು’ ಮಾಡಿತು ಎನ್ನುತ್ತೇವೆ. ನಿಜದಲ್ಲಿ ಪುಸ್ತಕದಿಂದ ಅದನ್ನು ಯಾರೂ ಹರಿದುಹಾಕುವುದಿಲ್ಲ. ಕೋರ್ಟು ಮಾಡುವುದು ಇಷ್ಟೇ: ಅದನ್ನು ಜಾರಿ ಮಾಡುವ ಅಧಿಕಾರಿಗೆ ‘ಮಾಡಬೇಡ’ ಎಂದು ಆಜ್ಞೆ ಕೊಡುತ್ತದೆ. 1970ರಲ್ಲಿ ಆ ಅಧಿಕಾರಿ ಹೆನ್ರಿ ವೇಡ್. 2021ರಲ್ಲಿ ಟೆಕ್ಸಾಸ್ ಶಾಸನಸಭೆ ಭ್ರೂಣದ ಹೃದಯ ಬಡಿತ ಕಂಡ ಮೇಲೆ, ಅಂದರೆ ಸುಮಾರು ಆರು ವಾರದ ನಂತರ, ಗರ್ಭಪಾತ ನಿಷೇಧಿಸಿತು. ಆದರೆ ಅದನ್ನು ಜಾರಿ ಮಾಡುವ ಕೆಲಸವನ್ನು ಯಾವ ಅಧಿಕಾರಿಗೂ ಕೊಡಲಿಲ್ಲ. ಗರ್ಭಪಾತ ಮಾಡಿದವರ ಮೇಲೆ, ನೆರವಾದವರ ಮೇಲೆ ಯಾರು ಬೇಕಾದರೂ ಸಿವಿಲ್ ದಾವೆ ಹೂಡಬಹುದು, ಗೆದ್ದರೆ ಕನಿಷ್ಠ 10,000 ಡಾಲರ್ ಸಿಗುತ್ತದೆ. ಈ ಸಲ ವೇಡ್ ಇದ್ದ ಜಾಗ ಖಾಲಿ. ಕ್ಲಿನಿಕ್‌ಗಳು ಯಾರ ಮೇಲೆ ಕೇಸು ಹಾಕಬೇಕು? ರಾಜ್ಯದ ಜಡ್ಜು, ಗುಮಾಸ್ತ, ಅಟಾರ್ನಿ ಜನರಲ್ ಎಲ್ಲರ ಮೇಲೂ ಹಾಕಿ ನೋಡಿದವು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಲೈಸೆನ್ಸ್ ಅಧಿಕಾರಿಗಳ ಮೇಲಿನ ದಾವೆಯನ್ನಷ್ಟೇ ಉಳಿಸಿತು. ಮರುವರ್ಷ ಮಾರ್ಚ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು ಅವರಿಗೂ ಜಾರಿ ಅಧಿಕಾರವಿಲ್ಲ ಎಂದಿತು. ಆಟ ಮುಗಿಯಿತು.

2021ರ ಸೆಪ್ಟೆಂಬರ್‌ನಿಂದ ಡಾಬ್ಸ್ ಬರುವವರೆಗೂ ರೋ ತೀರ್ಪು ಕಾಗದದಲ್ಲಿ ಜೀವಂತವಾಗಿತ್ತು, ಟೆಕ್ಸಾಸ್‌ನಲ್ಲಿ ಸತ್ತಿತ್ತು. ನನ್ನ ಪ್ರಕಾರ ಈ ಕಾನೂನು ಡಾಬ್ಸ್‌ಗಿಂತ ಜಾಸ್ತಿ ಅಪಾಯಕಾರಿ. ಡಾಬ್ಸ್‌ನಲ್ಲಿ ಕೋರ್ಟು ಹಕ್ಕಿಲ್ಲ ಎಂದಿತು. ಇಲ್ಲಿ ಹಕ್ಕಿದ್ದೂ ಕೋರ್ಟಿನ ಕೈಗೆ ಸಿಗದ ಹಾಗೆ ಮಾಡಿದರು. ಈ ಉಪಾಯ ಒಂದು ಕಡೆಯವರ ಸ್ವತ್ತಾಗಿ ಉಳಿಯಲಿಲ್ಲ. 2022ರಲ್ಲಿ ಕ್ಯಾಲಿಫೋರ್ನಿಯ ಇದೇ ಅಚ್ಚಿನಲ್ಲಿ ಬಂದೂಕುಗಳ ಮೇಲೆ ಕಾನೂನು ಮಾಡಿತು.

ಕೋರ್ಟು ತನ್ನ ಕಟ್ಟನ್ನು ತಾನೇ ಪಾಲಿಸಿದ ಉದಾಹರಣೆಯೂ ಇದೆ. ಗರ್ಭಪಾತದ ಮಾತ್ರೆ ಮಿಫೆಪ್ರಿಸ್ಟೋನ್‌ಗೆ ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿತ್ತು. ಆ ಮಾತ್ರೆಯನ್ನು ಬರೆದೇ ಕೊಡದ ಕೆಲವು ಡಾಕ್ಟರುಗಳು ಅದರ ವಿರುದ್ಧ ಕೋರ್ಟಿಗೆ ಹೋದರು. 2024ರ ಜೂನ್‌ನಲ್ಲಿ ಒಂಬತ್ತೂ ಜಡ್ಜುಗಳು ಒಂದೇ ಮಾತು ಹೇಳಿದರು: ಇದರಿಂದ ನಿಮಗೇನೂ ನಷ್ಟವಾಗಿಲ್ಲ, ದಾವೆ ಹೂಡುವ ಅರ್ಹತೆ ನಿಮಗಿಲ್ಲ. ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂಬ ತಂಟೆಗೆ ಹೋಗಲಿಲ್ಲ.

‘ಜನರಿಗೆ ವಾಪಸ್ ಕೊಟ್ಟೆವು’ ಎಂಬ ಡಾಬ್ಸ್ ಮಾತು ಎಲ್ಲ ರಾಜ್ಯಗಳಲ್ಲಿ ಒಂದೇ ಥರ ನಿಜವಲ್ಲ. ಕ್ಯಾನ್ಸಸ್ ಸಂಪ್ರದಾಯಸ್ಥರ ರಾಜ್ಯ. 2022ರ ಆಗಸ್ಟ್‌ನಲ್ಲಿ ಅಲ್ಲಿ ರಾಜ್ಯ ಸಂವಿಧಾನದಿಂದ ಈ ಹಕ್ಕನ್ನು ತೆಗೆಯಬೇಕೇ ಎಂದು ಕೇಳಿದಾಗ ಸುಮಾರು 59% ಜನ ಬೇಡ ಎಂದರು. 2023ರಲ್ಲಿ ಒಹಾಯೊ ಮತದಾರರು ಹಕ್ಕನ್ನು ರಾಜ್ಯ ಸಂವಿಧಾನಕ್ಕೇ ಸೇರಿಸಿದರು. ಫ್ಲಾರಿಡಾದಲ್ಲಿ 2024ರಲ್ಲಿ 57% ಜನ ಹೌದು ಎಂದರೂ ಸೋತಿತು, ಯಾಕೆಂದರೆ ಅಲ್ಲಿ 60% ಬೇಕು. ಅರಿಜೋನಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ 1864ರ ಹಳೇ ನಿಷೇಧ ಇನ್ನೂ ಊರ್ಜಿತ ಎಂದಿತು. ಮುಂದಿನ ತಿಂಗಳೇ ಶಾಸನಸಭೆ ಅದನ್ನು ರದ್ದು ಮಾಡಿತು. ನವೆಂಬರ್‌ನಲ್ಲಿ ಮತದಾರರು ಹಕ್ಕನ್ನು ಸಂವಿಧಾನದಲ್ಲೇ ಬರೆದರು. ಕೋರ್ಟಿಗೆ ನಿಜವಾದ ಕಡಿವಾಣ ಬೀಳುವುದು ಹೀಗೆ, ಉಳಿದವರು ತಮ್ಮ ಕೆಲಸ ಮಾಡಿದಾಗ.

ಟೆಕ್ಸಾಸ್‌ನಲ್ಲಿ ಮಾತ್ರ ಜನರೇ ಸಹಿ ಸಂಗ್ರಹಿಸಿ ತಿದ್ದುಪಡಿ ತರುವ ದಾರಿ ಇಲ್ಲ. ಶಾಸನಸಭೆಯ ಮೂರನೇ ಎರಡು ಭಾಗ ಒಪ್ಪಿದರೆ ಮಾತ್ರ ಪ್ರಶ್ನೆ ಮತಕ್ಕೆ ಬರುತ್ತದೆ. ಇನ್ನೊಂದು ತಮಾಷೆ ಕೇಳಿ. ಯಾರೂ ಓಟು ಹಾಕದ ಜಡ್ಜುಗಳು ಎಂದು ನೀವು ಬೇಸರಪಟ್ಟಿರಿ. ಟೆಕ್ಸಾಸ್ ಸುಪ್ರೀಂ ಕೋರ್ಟಿನ ಒಂಬತ್ತು ಜನರೂ ಚುನಾವಣೆಗೆ ನಿಲ್ಲುವವರು. ವೈದ್ಯಕೀಯ ವಿನಾಯಿತಿಯನ್ನು ಸ್ಪಷ್ಟ ಮಾಡಿ ಎಂದು ಕಷ್ಟಪಟ್ಟ ಹೆಂಗಸರು ಹಾಕಿದ್ದ ಕೇಸಿನಲ್ಲಿ 2024ರ ಮೇ ತಿಂಗಳಲ್ಲಿ ಅವರ ವಿರುದ್ಧ ಒಮ್ಮತದ ತೀರ್ಪು ಕೊಟ್ಟವರು ಇದೇ ಚುನಾಯಿತ ಜಡ್ಜುಗಳು. ಓಟು ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗಂತೂ ಇಲ್ಲ.

ಕೋರ್ಟು ಹೇಳಿ, ಶಾಸನಸಭೆ ಕೇಳದಿದ್ದರೆ ಏನಾಗುತ್ತದೆ? ಇದನ್ನು ಐರ್ಲೆಂಡ್ ತೋರಿಸಿದೆ. ಅದರ ಬೆಲೆ ತೆತ್ತದ್ದು ನಮ್ಮ ಬೆಳಗಾವಿಯ ಹೆಣ್ಣುಮಗಳು. 1983ರಲ್ಲಿ ಐರಿಶ್ ಜನ ಭ್ರೂಣಕ್ಕೂ ತಾಯಿಗೂ ಜೀವದ ಸಮಾನ ಹಕ್ಕು ಎಂದು ಸಂವಿಧಾನದಲ್ಲಿ ಬರೆದರು. 1992ರಲ್ಲಿ ಅತ್ಯಾಚಾರಕ್ಕೊಳಗಾಗಿ ಬಸುರಾದ 14 ವರ್ಷದ ಹುಡುಗಿಯ ಕೇಸು ಬಂತು. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ ಗರ್ಭಪಾತ ಕಾನೂನುಬದ್ಧ ಎಂದಿತು ಅಲ್ಲಿನ ಸುಪ್ರೀಂ ಕೋರ್ಟು. ಕಾನೂನು ಮಾಡದೆ ಕೂತ ಸಂಸತ್ತನ್ನು ಜಡ್ಜೊಬ್ಬರು ತೀರ್ಪಿನಲ್ಲೇ ತರಾಟೆಗೆ ತೆಗೆದುಕೊಂಡರು. ಸಂಸತ್ತು ಮತ್ತೂ ಇಪ್ಪತ್ತು ವರ್ಷ ಸುಮ್ಮನಿತ್ತು. 2012ರ ಅಕ್ಟೋಬರ್‌ನಲ್ಲಿ ದಂತವೈದ್ಯೆ ಸವಿತಾ ಹಾಲಪ್ಪನವರ್, 31 ವರ್ಷ, 17 ವಾರದ ಬಸುರಿ, ಗಾಲ್ವೇ ನಗರದ ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿತ್ತು. ತೆಗೆಯಿರಿ ಎಂದು ಕೇಳಿಕೊಂಡರು. ಹೃದಯ ಬಡಿತ ಇದೆ ಎಂದು ತೆಗೆಯಲಿಲ್ಲ. ಸೋಂಕು ರಕ್ತಕ್ಕೇರಿ 28ರಂದು ತೀರಿಕೊಂಡರು. ಅವರ ಚಿಕಿತ್ಸೆಯಲ್ಲಿ ಬೇರೆ ಲೋಪಗಳೂ ಇದ್ದವು. ಆದರೆ ‘ಅಪಾಯ’ ಯಾವಾಗ ‘ಗಣನೀಯ’ವಾಗುತ್ತದೆ ಎಂದು ವಾರ್ಡಿನಲ್ಲಿ ನಿಂತ ಡಾಕ್ಟರಿಗೆ ಹೇಳುವ ಕಾನೂನು ಆ ದಿನ ಇರಲಿಲ್ಲ. ಅಂಥ ಕಾನೂನು ಬಂದದ್ದು 2013ರಲ್ಲಿ. 2018ರ ಮೇ 25ರಂದು 66.4% ಜನ ಆ ಸಂವಿಧಾನ ವಿಧಿಯನ್ನೇ ತೆಗೆದುಹಾಕಿದರು. ಕೋರ್ಟು ಒಂದು ವಾಕ್ಯದ ಅಳತೆಗೋಲು ಕೊಡಬಹುದು, ಆಸ್ಪತ್ರೆಯ ನಿಯಮಾವಳಿ ಬರೆಯಲಾರದು. ಟೆಕ್ಸಾಸ್‌ನಲ್ಲಿ ಈಗ ಆಗುತ್ತಿರುವುದನ್ನು ನೋಡಿದಾಗ ನನಗೆ ಗಾಲ್ವೇ ನೆನಪಾಗುವುದು ಅದಕ್ಕೇ.

ನಮ್ಮ ದೇಶದ ಲೆಕ್ಕ ಬೇರೆ. ನಮ್ಮಲ್ಲಿ ಈ ಅವಕಾಶ ಹುಟ್ಟಿದ್ದು ಕೋರ್ಟಿನಲ್ಲಲ್ಲ, ಸಂಸತ್ತಿನಲ್ಲಿ, ರೋ ತೀರ್ಪಿಗೂ ಸುಮಾರು ಒಂದೂವರೆ ವರ್ಷ ಮೊದಲು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 20 ವಾರದವರೆಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. 2021ರ ತಿದ್ದುಪಡಿ ಕೆಲವು ವರ್ಗದವರಿಗೆ ಅದನ್ನು 24 ವಾರಕ್ಕೆ ಏರಿಸಿತು. ಹಾಗಾಗಿ ಒಂದು ತೀರ್ಪು ಬಿದ್ದರೆ ಎಲ್ಲವೂ ಬೀಳುವ ಸ್ಥಿತಿ ಇಲ್ಲಿಲ್ಲ.

ಆದರೆ ಅಧಿಕಾರದ ಮಾತಿಗೆ ಬಂದರೆ ನಮ್ಮ ಸುಪ್ರೀಂ ಕೋರ್ಟು ಅಮೆರಿಕದ್ದಕ್ಕಿಂತ ಬಲಶಾಲಿ. ರೋ ತೀರ್ಪು ಬಂದ ಮೂರು ತಿಂಗಳಿಗೆ, 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಕೇಸಿನ ತೀರ್ಪು ಬಂತು. ಸಂವಿಧಾನದ ಮೂಲ ಚೌಕಟ್ಟನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂದು 7–6ರಲ್ಲಿ ತೀರ್ಮಾನವಾಯಿತು. ಅಮೆರಿಕದಲ್ಲಿ ತಿದ್ದುಪಡಿ ಬಂದರೆ ಕೋರ್ಟು ತೆಪ್ಪಗಿರಬೇಕು. ಇಲ್ಲಿ ತಿದ್ದುಪಡಿಯನ್ನೂ ಕೋರ್ಟು ತೂಗಿ ನೋಡುತ್ತದೆ. ಜಡ್ಜುಗಳ ನೇಮಕದ ರೀತಿ ಬದಲಿಸಿದ 99ನೇ ತಿದ್ದುಪಡಿಯನ್ನು 2015ರಲ್ಲಿ ಹೊಡೆದುಹಾಕಿತು. ನಮ್ಮಲ್ಲಿ ಜಡ್ಜುಗಳನ್ನು ಆರಿಸುವುದು ಹೆಚ್ಚುಕಡಿಮೆ ಜಡ್ಜುಗಳೇ. 65ಕ್ಕೆ ನಿವೃತ್ತಿ ಇದೆ ಎಂಬುದಷ್ಟೇ ಸಮಾಧಾನ. ಅಲ್ಲಿ ಅದೂ ಇಲ್ಲ.

2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ ಒಂಬತ್ತು ಜಡ್ಜುಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2022ರ ಸೆಪ್ಟೆಂಬರ್‌ನಲ್ಲಿ ಡಿ.ವೈ. ಚಂದ್ರಚೂಡ್, ಕೊಡಗಿನವರಾದ ಎ.ಎಸ್. ಬೋಪಣ್ಣ, ಜೆ.ಬಿ. ಪಾರ್ದೀವಾಲ ಅವರ ಪೀಠ 24 ವಾರದ ಅವಕಾಶ ಮದುವೆಯಾಗದ ಹೆಂಗಸರಿಗೂ ಇದೆ ಎಂದಿತು. ಗಮನಿಸಿ, ಹೊಸ ವೇಳಾಪಟ್ಟಿ ಬರೆಯಲಿಲ್ಲ, ಇದ್ದ ನಿಯಮವನ್ನೇ ವಿಶಾಲವಾಗಿ ಓದಿತು. ನನಗೆ ಹಿಡಿಸಿದ ರೀತಿ ಅದು.

ಹಿಡಿಸದ್ದೂ ಇದೆ. 24 ವಾರ ದಾಟಿದ ಬಸುರಿಯರು ಅನುಮತಿಗಾಗಿ ಹೈಕೋರ್ಟುಗಳಿಗೆ ಅಲೆಯುತ್ತಾರೆ. ಒಂದು ಪೀಠ ಹೂಂ ಅನ್ನುತ್ತದೆ, ಇನ್ನೊಂದು ಊಹೂಂ ಅನ್ನುತ್ತದೆ, ಅಷ್ಟರಲ್ಲಿ ವಾರಗಳು ಉರುಳುತ್ತವೆ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರ 26 ವಾರದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜುಗಳ ಪೀಠ 9ರಂದು ಅನುಮತಿ ಕೊಟ್ಟಿತು. 11ರಂದು ಅದೇ ಪೀಠ ಒಡೆಯಿತು. ಹಿಮಾ ಕೊಹ್ಲಿ ಬೇಡ ಎಂದರು, ನಮ್ಮ ರಾಜ್ಯದವರಾದ ಬಿ.ವಿ. ನಾಗರತ್ನ ಆ ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದರು. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣಕ್ಕೆ ದೊಡ್ಡ ದೋಷವಿಲ್ಲ, ಕಾಯ್ದೆ ಹಾಕಿದ ಗಡಿ ದಾಟಿದೆ ಎಂಬುದು ಕಾರಣ. ಆ ಹೆಂಗಸಿನ ಬಗ್ಗೆ ನನಗೆ ಮರುಕ ಇದೆ. ಆದರೂ ಕಾನೂನಿನ ಮಟ್ಟಿಗೆ ಕೊನೆಯ ಪೀಠ ಹೇಳಿದ್ದು ಸರಿ. 24 ಎಂಬ ಅಂಕಿ ಕಾಯ್ದೆಯಲ್ಲಿದೆ. ಅದನ್ನು ಬದಲಿಸಿ ಎಂದು ನೀವು, ನಾನು ಕೇಳಬೇಕಾದದ್ದು ನಮ್ಮ ಎಂಪಿಯನ್ನು.